ಪಿಸ್ತೂಲಿನ ಪೆಟ್ಟಿಗೆ ನೋಡಲು ಬಂದವರು

ಶೂಟಿಂಗ್ ಸ್ಪರ್ಧೆಗೆಂದು ನಾನು ಪಿಸ್ತೂಲ್ ಕೊಂಡ ಹೊಸತರಲ್ಲಿ, ಅದನ್ನಿಡುವ ಕಬ್ಬಿಣದ ಪೆಟ್ಟಿಗೆ ಪರೀಕ್ಷಿಸಲು ಮೆಲ್ಬರ್ನ್‌ನ ನಮ್ಮ ಮನೆಗೆ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಆಕೆ ಬೀಗ ಜಗ್ಗಿ ನೋಡಿ, "ಕಳ್ಳ ನುಗ್ಗಿದರೆ ಏನು ಮಾಡ್ತೀರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ, ಮಡಿಕೇರಿಯಿಂದ ಬಂದಿದ್ದ ನನ್ನ ಮಾವ, ಹೆಂಡತಿಯ ಅಪ್ಪ, ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿಬಿಟ್ಟರು: "ಒಂದೇ ಪಿಸ್ತೂಲ್ ಸಾಕು. ಪದಕಕ್ಕೂ, ಕಳ್ಳನಿಗೂ, ಕಾಡುಹಂದಿಗೂ!"

ಆಕೆಯ ಪೆನ್ನು ನಿಂತಿತು. ಇಲ್ಲಿ ಪಿಸ್ತೂಲ್ ಇರುವುದು ಆತ್ಮರಕ್ಷಣೆಗೆ, ಬೇಟೆಗೆ ಅಂದರೆ ಅದರ ಲೈಸೆನ್ಸ್ ಹೋದಂತೆಯೇ.

"ನಾನು ಕೇಳಿದ್ದು ನಿಮ್ಮನ್ನು," ಎಂದು ಆಕೆ ನನ್ನತ್ತ ತಿರುಗಿದರು.

"ಪೊಲೀಸರಿಗೆ ಫೋನ್ ಮಾಡ್ತೀನಿ. ಪಿಸ್ತೂಲ್ ಪೆಟ್ಟಿಗೆಯಲ್ಲೇ ಇರುತ್ತೆ."

ಆಕೆ ಮಾವನತ್ತ ಪೆನ್ನು ತೋರಿಸಿ, "ಕೀ ಮಾತ್ರ ಇವರ ಕೈಗೆ ಸಿಗಬಾರದು," ಎಂದು ಸಹಿ ಹಾಕಿದರು.

ಕೀ ಎಲ್ಲಿದೆಯೆಂದು ಇವತ್ತಿಗೂ ಹೆಂಡತಿಗೆ ಹೇಳಿಲ್ಲ. ಅವಳೂ ಮಾವನ ಮಗಳೇ ತಾನೇ.