ಕವಳ ಬಿಟ್ಟವರ ಸನ್ಮಾನ

ಮೊನ್ನೆ ಯಲ್ಲಾಪುರದ ಮದುವೆಯೊಂದರಲ್ಲಿ ಉಂಡು ಕೈತೊಳೆದು ಬಂದರೆ, ಕವಳದ ಹರಿವಾಣ ಇರಬೇಕಾದ ಜಾಗದಲ್ಲಿ ಬಣ್ಣಬಣ್ಣದ ಸೋಂಪು! ಗಿಳಿಗೆ ಇಟ್ಟ ಹಾಗೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿದ ಕವಳ ಕೊಡದೆ ನಮ್ಮ ಕಡೆ ನೆಂಟರ ಕುಶಲ ಕೇಳುವುದೂ ಇರಲಿಲ್ಲ ನೋಡಿ. ನಾನಂತೂ ದವಡೆಯಲ್ಲಿ ಅದನ್ನಿಟ್ಟುಕೊಂಡೇ ಹೆಣ್ಣು ನೋಡಿದವನು. ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರಿಂದ ‘ಗಂಭೀರ ಸ್ವಭಾವ’ ಎಂದು ಹೆಸರಾಯಿತು.

ಸೋಂಪು ಅಗಿಯುತ್ತಿದ್ದಾಗ ಕೆಲವು ವರ್ಷಗಳ ಹಿಂದಿನ ವಾನಳ್ಳಿಯ ಶಿಬಿರ ನೆನಪಾಯಿತು. ಬಾಯಿ ತಪಾಸಣೆ ಎಂದರೆ ಯಾರೂ ಬರುವುದಿಲ್ಲವೆಂದು ಅದರ ಬೆನ್ನಿಗೇ ತಾಳಮದ್ದಲೆ ಇಟ್ಟಿದ್ದೆವು. ಅರ್ಥ ಹೇಳುವವರು ನನ್ನ ಮಂಜಮಾವ. ಅವರ ಕೆನ್ನೆಯೊಳಗೆ ಬಿಳಿ ಕಲೆಯೆದ್ದು, ಸಾರಿನ ಖಾರ ತಾಗಿದರೆ ಹಾರಿಬೀಳುತ್ತಿದ್ದರು. ಅವರ ಹೆಂಡತಿ, ಅಂದರೆ ನನ್ನ ಸಾವಿತ್ರತ್ತೆ, ಮೊದಲೇ ನನ್ನನ್ನು ಹಿಡಿದು, “ತಮಾ, ಯಂಗೆ ಹೆದ್ರಿಕೆ ಆಗ್ತು. ಹ್ಯಾಂಗಾರೂ ಮಾಡಿ ಇವ್ರ ಬಾಯಿ ತೋರ್ಸು” ಎಂದಿದ್ದಳು.

ಶಿರಸಿಯಿಂದ ಬಂದ ಡಾಕ್ಟರ್ ಹುಡುಗಿಯನ್ನು ನಾವು ಹೇಗೆ ಸ್ವಾಗತಿಸಿದೆವು ಗೊತ್ತೇ? ಕವಳದ ಹರಿವಾಣ ಹಿಡಿದು! ಹೊಗೆಸೊಪ್ಪು ಬೇರೆ ಒಳ್ಳೆಯದನ್ನೇ ತರಿಸಿದ್ದೆವು. ಹಿಂದಿನ ಗೋಡೆಯ ಮೇಲೆ ಹುಣ್ಣು ಬಿದ್ದ ಬಾಯಿಗಳ ಚಿತ್ರ. ಆಕೆ ಹರಿವಾಣ ನೋಡಿದಳು, ಚಿತ್ರ ನೋಡಿದಳು, ಆಮೇಲೆ ನಮ್ಮನ್ನು ನೋಡಿದಳು.

“ಇದೇನಿದು?”

“ಬಂದವ್ರಿಗೆ ಕವಳ ಕೊಡ್ದೇ ಮಾತಾಡ್ಸಿದ್ರೆ ಮರ್ಯಾದೆಯಾ?” ಎಂದರು ಮಾವ.

ತಾಳಮದ್ದಲೆಯಲ್ಲಿ ಬೆಳಗಿನವರೆಗೂ ಬಾಯಿ ಮುಚ್ಚದ ಮನುಷ್ಯ ಆಕೆಯ ಮುಂದೆ ಅದನ್ನು ತೆರೆಯಲೊಲ್ಲರು. “ಯಂಗೆ ಎಂತೂ ಆಜಿಲ್ಲೆ.” ತನಗೇನೂ ಆಗಿಲ್ಲವೆಂಬ ಹಟ. ಅತ್ತೆಗೆ ರೇಗಿತು. “ಇಷ್ಟಕ್ಕೆ ಎಂತ ಹೆದ್ರಿಕೆ? ನೋಡಿ, ಆನು ತೋರಿಸ್ತೆ” ಎಂದು ತಾನೇ ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು. ಡಾಕ್ಟರ್ ಟಾರ್ಚು ಹಿಡಿದು ನೋಡಿದಳು. ಮತ್ತೆ ನೋಡಿದಳು.

“ಅಮ್ಮಾ, ನೀವೂ ಹಾಕ್ತೀರಾ?”

“ಒಲೆ ಮುಂದೆ ಕೂತಾಗ ಒಂಚೂರು…”

ಕವಳ ಬಿಟ್ಟಿದ್ದಕ್ಕೆ ಮಾವನ ಕಲೆ ಮಾಯವಾಯಿತು. ಅತ್ತೆಯದು ಕ್ಯಾನ್ಸರ್; ಆಪರೇಶನ್ನಿನಲ್ಲಿ ಕೆಳದವಡೆ ಅರ್ಧ ಹೋಯಿತು. ಒಲೆ ಮುಂದಿನ ಕವಳವನ್ನು ನಾವು ಯಾರೂ ಕವಳವೆಂದು ಎಣಿಸಿಯೇ ಇರಲಿಲ್ಲ. ಥೂ ನಮ್ಮ!

ಕಾಲ ಬದಲಾಯಿತಲ್ಲ, ಈಗ ತಾಳಮದ್ದಲೆಗಿಂತ ಆರೋಗ್ಯದ ಭಾಷಣಕ್ಕೇ ಜನ. ಮೊಬೈಲು ತೆಗೆದರೂ ಅದೇ. ಮಾವ ಸಲೀಸಾಗಿ ಹೊಸ ಪ್ರಸಂಗಕ್ಕೆ ಹಾರಿದರು. ಕವಳ ಗೆದ್ದ ಧೀರನೆಂದು ಸಿದ್ದಾಪುರದಿಂದ ಎಕ್ಕಂಬಿಯವರೆಗೂ ಅವರಿಗೆ ಶಾಲು, ಹಾರ. ಅತ್ತೆಗೆ ಪಕ್ಕದ ಕುರ್ಚಿ.

ಮೊನ್ನೆಯೂ ಮದುಮಕ್ಕಳನ್ನು ನಿಲ್ಲಿಸಿಕೊಂಡು ಮಾವ ಮೈಕು ಹಿಡಿದರು. ತಮ್ಮ ಮನೋಬಲ, ತಮ್ಮ ತ್ಯಾಗ, ತಮ್ಮ ಕೆನ್ನೆ. ಅತ್ತೆಯ ದವಡೆಯ ಸುದ್ದಿಯೇ ಇಲ್ಲ. ಜನ ಚಪ್ಪಾಳೆ ತಟ್ಟಿದರು, ಅಭ್ಯಾಸಬಲದಿಂದ ನಾನೂ ತಟ್ಟುತ್ತಿದ್ದೆ. ಎಲ್ಲರ ಊಟ ಮುಗಿದರೂ ಅತ್ತೆ ನನ್ನ ಪಕ್ಕದಲ್ಲಿ ನುಣ್ಣಗೆ ಕಲಸಿದ ಅನ್ನವನ್ನು ಚಮಚದಲ್ಲಿ ನುಂಗುತ್ತಿದ್ದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಏನೋ ಅಂದಳು. ಅವಳ ಮಾತು ಈಗ ತಿಳಿಯುವುದು ಕಷ್ಟ; ಬಗ್ಗಿ ಕಿವಿಗೊಟ್ಟೆ.

“ತಮಾ, ಆ ಬಾಯಿ ಮುಚ್ಚುಸಲೆ ಯಾವ ಡಾಕ್ಟ್ರೂ ಇಲ್ಯಾ?”

ನನ್ನ ಚಪ್ಪಾಳೆ ಅಲ್ಲಿಗೇ ನಿಂತಿತು.