ಬೆನ್ನಿಗಂಟಿದ ಸರ್ಟಿಫಿಕೇಟು

ಮದುವೆ ಸರ್ಟಿಫಿಕೇಟನ್ನು ಮನೆಯ ಗೋಡೆಗೆ ಹಾಕಬೇಕೋ ಬೇಡವೋ ಎಂದು ಕಟ್ಟಣ್ಣನನ್ನು ಕೇಳಿದವರು ಕೆಟ್ಟರು ಎಂದೇ ತಿಳಿಯಿರಿ. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು, ಜನ ಇಟ್ಟ ಹೆಸರೂ ಅದರಿಂದಲೇ ಬಂದದ್ದು. ಹೊಸ ಜೋಡಿಯೊಂದು ಸುರುಳಿ ಸುತ್ತಿದ ಸರ್ಟಿಫಿಕೇಟು ತಂದು, ಇದಕ್ಕೊಂದು ಚೆಂದದ ಕಟ್ಟು ಹಾಕಿಕೊಡಿ ಎಂದರೆ ಸಾಕು, ಸುತ್ತಿಗೆ ಕೆಳಗಿಟ್ಟು ಶುರುಮಾಡುತ್ತಿದ್ದ.

"ಏನ್ರಪ್ಪಾ, ನಿಮ್ಮದು ಮನೆಯೋ ಮೆಡಿಕಲ್ ಶಾಪೋ? ಲೈಸೆನ್ಸ್ ತೂಗುಹಾಕೋದು ಅಂಗಡಿಯವ್ರು, ಇನ್‌ಸ್ಪೆಕ್ಟರ್ ಬಂದ್ರೆ ತೋರಿಸೋಕೆ. ಗಂಡ ಹೆಂಡ್ತೀನ ಚೆಕ್ ಮಾಡೋಕೆ ಯಾರು ಬರ್ತಾರೆ? ಬೀರುವಿನಲ್ಲಿಡಿ, ಹೋಗಿ."

ಬಂದ ಗಿರಾಕಿಯನ್ನು ಹೀಗೆ ಬಾಗಿಲಿಂದಾಚೆ ಅಟ್ಟುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅವನಿಗೆ ಇನ್ನೊಂದು ಹುಚ್ಚೂ ಇತ್ತು. "ನಮ್ಮಲ್ಲಿ ಹಾಕಿಸಿದ ಹಳೆಯ ಕಟ್ಟುಗಳ ಹಿಂಬದಿ ರಟ್ಟನ್ನು ಉಚಿತವಾಗಿ ಬದಲಿಸಿಕೊಡಲಾಗುವುದು" ಎಂದು ಅಂಗಡಿ ಮುಂದೆ ಬೋರ್ಡು ಬರೆಸಿದ್ದ. ರಟ್ಟು ಬದಲಿಸಿ ಎಂದು ಅವನನ್ನು ಕೇಳಿದವರು ಯಾರು? ಯಾರೂ ಇಲ್ಲ. ಆದರೂ ಹಳೆಯ ಕಟ್ಟು ಯಾವುದೇ ಬರಲಿ, ಕೆಲಸದವರ ಕೈಗೆ ಕೊಡದೆ ತಾನೇ ಮೊಳೆ ಕಿತ್ತು ಹಿಂಬದಿ ಬಿಚ್ಚುತ್ತಿದ್ದ. ಒಳಗೆ ಇಣುಕಿ ನೋಡುತ್ತಿದ್ದ. ಆಮೇಲೆ ಹೊಸ ರಟ್ಟು ಹೊಡೆದು ಮುಚ್ಚುತ್ತಿದ್ದ.

ಎರಡೂ ಹುಚ್ಚಿನ ಬೇರು ಒಂದೇ. ಕಟ್ಟಣ್ಣ ತನ್ನದೇ ಮದುವೆ ಸರ್ಟಿಫಿಕೇಟನ್ನು ಕಳೆದುಕೊಂಡಿದ್ದ. ಹೆಂಡತಿಗೆ ಹೇಳಿರಲಿಲ್ಲ.

ಅವರ ಮದುವೆ ನಡೆದದ್ದು ರಿಜಿಸ್ಟ್ರಾರ್ ಕಚೇರಿಯಲ್ಲಿ. ಹುಡುಗಿಯ ಅಪ್ಪ ಬಸ್ ಡ್ರೈವರ್. ಈ ಅಂಟು ಮೆತ್ತಿದ ಕೈಯವನಿಗೆ ಮಗಳನ್ನು ಕೊಡಲಾರೆ ಎಂದು ಹಟ ಹಿಡಿದು ಕೂತಿದ್ದ. ಆ ದಿನ ಇಬ್ಬರು ಸಾಕ್ಷಿಗಳು ಬಂದರು, ಮೂರನೆಯವನು ಕೈಕೊಟ್ಟ. ಅಧಿಕಾರಿ ಗಡಿಯಾರ ನೋಡತೊಡಗಿದ. ಹುಡುಗಿಯ ಕಣ್ಣಲ್ಲಿ ನೀರು. ಅಷ್ಟರಲ್ಲಿ ಕಚೇರಿಯ ಮುಂದೆಯೇ ಬಸ್ಸೊಂದು ಬಂದು ನಿಂತಿತು. ಒಳಗಿದ್ದ ಪ್ರಯಾಣಿಕರು "ಏನ್ರೀ ಇದು, ಇಲ್ಲೆಲ್ಲಿ ಸ್ಟಾಪು?" ಎಂದು ಕೂಗಾಡುತ್ತಿರುವಾಗಲೇ ಖಾಕಿ ಬಟ್ಟೆಯಲ್ಲಿ ಅಪ್ಪ ಮೆಟ್ಟಿಲೇರಿ ಬಂದ. "ಎಲ್ಲಿ?" ಎಂದ. ಕಾಗದ ತೂತಾಗುವ ಹಾಗೆ ಪೆನ್ನು ಒತ್ತಿ ಸಹಿ ಹಾಕಿದ. ಮಗಳ ಮುಖವನ್ನು ಒಮ್ಮೆ ನೋಡಿ, ಅಧಿಕಾರಿ ತೋರಿಸಿದ ಕುರ್ಚಿಯಲ್ಲೂ ಕೂರದೆ ಇಳಿದು ಹೋದ. ಬಸ್ಸು ಹೊರಟಿತು. ಎಂಟು ತಿಂಗಳಿಗೆ ತೀರಿಕೊಂಡ. ಅಷ್ಟರೊಳಗೆ ಮಗಳ ಮನೆಯ ಹೊಸ್ತಿಲು ತುಳಿದವನಲ್ಲ.

ಮದುವೆಯದು ಒಂದು ಫೋಟೋ ಕೂಡ ಇರಲಿಲ್ಲ. ಅಪ್ಪ ಬಂದಿದ್ದ ಅನ್ನುವುದಕ್ಕೆ ಆ ಸಹಿಯೊಂದೇ ಗುರುತು. ಹಾಗಾಗಿ ಅವಳು ಕೇಳುತ್ತಿದ್ದಳು: "ರೀ, ಊರಿನೋರಿಗೆಲ್ಲ ಕಟ್ಟು ಹಾಕ್ತೀರಿ. ನಮ್ಮ ಸರ್ಟಿಫಿಕೇಟು ಹಾಲ್‌ನಲ್ಲಿ ಹಾಕ್ರೀ. ಕಾಫಿ ಕುಡೀತಾ ನೋಡ್ತೀನಿ."

ಹಾಕಬೇಕೆಂದು ಅವನಿಗೂ ಇತ್ತು, ಪಾಪ. ಮದುವೆಯಾದ ವಾರವೇ ತೇಗದ ಪಟ್ಟಿ ಕೊಯ್ದು ಪಾಲಿಶ್ ಮಾಡಿಟ್ಟಿದ್ದ. ಸರ್ಟಿಫಿಕೇಟು ಮುದುರದಿರಲಿ ಎಂದು ಮೇಜಿನ ಮೇಲಿನ ಹಾಳೆಗಳ ನಡುವೆ ಇಟ್ಟಿದ್ದ. ಆದರೆ ಕಟ್ಟು ಹಾಕುವವನ ಎಡಗೈಗೆ ಒಂದು ಚಾಳಿ. ಫೋಟೋ ಸಡಿಲ ಅನಿಸಿದರೆ ಅದು ಕಣ್ಣನ್ನು ಕೇಳುವುದಿಲ್ಲ, ಪಕ್ಕದ ರಾಶಿಯಿಂದ ಗಟ್ಟಿ ಕಾಗದವೊಂದನ್ನು ಎಳೆದು ಹಿಂದೆ ತುಂಬಿಬಿಡುತ್ತದೆ. ಆ ದಿನ ಗಿರಾಕಿಗಳು ತಲೆ ಮೇಲೆ ಕೂತಿದ್ದರು. ಸಂಜೆ ನೋಡಿದರೆ ಸರ್ಟಿಫಿಕೇಟಿಲ್ಲ. ಯಾರ ಫೋಟೋದ ಬೆನ್ನಿಗೆ ಹೋಯಿತೋ!

ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವಷ್ಟರಲ್ಲಿ ಮಾವ ತೀರಿಹೋದರು. ಇನ್ನು ಯಾವ ಬಾಯಲ್ಲಿ ಹೇಳುವುದು? ಕಚೇರಿಗೆ ಓಡಿದ. ಸಹಿಗಳಿದ್ದ ರಿಜಿಸ್ಟರು ಆ ಮಳೆಗಾಲದಲ್ಲೇ ಗೆದ್ದಲಿನ ಪಾಲಾಗಿತ್ತು, ಅಲ್ಲಿ ಸಿಗುತ್ತಿದ್ದದ್ದು ಸಹಿಯಿಲ್ಲದ ಟೈಪು ಪ್ರತಿ ಮಾತ್ರ. ಆಗ ಹುಟ್ಟಿದ್ದು ಮೆಡಿಕಲ್ ಶಾಪಿನ ಈ ಉಪದೇಶ. ಮೊದಲು ಹೆಂಡತಿಗೆ ಹೇಳಿದ, ಆಮೇಲೆ ಅವಳು ನಂಬಲಿ ಎಂದು ಊರಿಗೆಲ್ಲ ಹೇಳಿದ. ಅವಳು ಆಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆಯುವವಳು. ದಿನವಿಡೀ ಬೇರೆಯವರ ಹೆಸರು ಬರೆದು ಮನೆಗೆ ಬಂದರೆ, ಅಲ್ಲಿ ಹಾಲ್‌ನ ಗೋಡೆ ಬೋಳು. ಅವನು ಅಲ್ಲಿಗೆ ಬೇರೆ ಏನನ್ನೂ ಹಾಕಗೊಡಲಿಲ್ಲ, ಕ್ಯಾಲೆಂಡರನ್ನು ಕೂಡ. ಕಾಫಿ ಕುಡಿಯುತ್ತಾ ಅವಳು ಆ ಜಾಗ ನೋಡುವಾಗಲೆಲ್ಲ ಅವನು ಲೋಟ ಕೆಳಗಿಟ್ಟು ಅಂಗಡಿಗೆ ಹೊರಟುಬಿಡುತ್ತಿದ್ದ. ಹೀಗೆ ಮೂವತ್ತೊಂದು ವರ್ಷ.

ಮೊನ್ನೆ ಶನಿವಾರ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಗಾಜು ಒಡೆದ ಕಟ್ಟೊಂದನ್ನು ಎದೆಗವಚಿಕೊಂಡು ಬಂದರು. ಅದರಲ್ಲಿ ಬಾಯಿತುಂಬ ನಗುವ ಒಬ್ಬ ಗಂಡಸು.

"ನಮ್ಮೆಜಮಾನ್ರು. ಇದೊಂದೇ ಫೋಟೋ ಉಳಿದಿರೋದು ಕಣಪ್ಪಾ, ಹುಷಾರು. ಸಂಜೆ ಬರ್ತೀನಿ" ಎಂದು ಹೋದರು.

ಕಟ್ಟಣ್ಣ ಎಂದಿನಂತೆ ಮೊಳೆ ಕಿತ್ತ. ರಟ್ಟು ತೆಗೆದ. ಅವನ ಹೆಸರು, ಅವಳ ಹೆಸರು, ಕೆಳಗೆ ಮಾವನ ಸಹಿ!

ಎತ್ತಲು ಹೋದರೆ ಬರಲಿಲ್ಲ. ವರ್ಷಗಳ ತೇವಕ್ಕೆ ಸರ್ಟಿಫಿಕೇಟಿನ ಬೆನ್ನು ಫೋಟೋದ ಬೆನ್ನಿಗೆ ಕಚ್ಚಿಕೊಂಡಿತ್ತು. ತೆಳು ಬ್ಲೇಡನ್ನು ಮೂಲೆಯಲ್ಲಿ ತೂರಿಸಿದ. ಮುಂದುಗಡೆ ಹೆಡ್‌ಮಿಸ್ಟ್ರೆಸ್ ಯಜಮಾನರ ಭುಜದ ಮೇಲೆ ಕೂದಲೆಳೆಯಷ್ಟು ಬಿರುಕು ಎದ್ದಿತು. ಎರಡರಲ್ಲಿ ಒಂದು ಉಳಿಯಬಹುದು, ಎರಡೂ ಅಲ್ಲ. ಬ್ಲೇಡು ಕೆಳಗಿಟ್ಟು ಹೆಂಡತಿಗೆ ಫೋನು ಮಾಡಿದ.

ಅವಳು ಊಟದ ಬಿಡುವಿನಲ್ಲಿ ಓಡಿ ಬಂದಳು. ಅವನು ಎಲ್ಲವನ್ನೂ ಹೇಳಿದ, ತಲೆ ತಗ್ಗಿಸಿ.

"ಅಂದ್ರೆ ನಿಮಗೆ ಇಷ್ಟ ಇಲ್ಲ ಅಂತ ನಾನು ಸುಮ್ಮನಾಗಿದ್ದು!" ಎಂದಳು ಅವಳು. "ನನ್ನನ್ನ ಕಟ್ಟಿಕೊಂಡಿದ್ದು ನಾಲ್ಕು ಜನಕ್ಕೆ ತೋರಿಸೋಕೆ ನಿಮಗೆ ನಾಚಿಕೆ ಅಂದ್ಕೊಂಡಿದ್ದೆ ಕಣ್ರೀ. ಮೂವತ್ತೊಂದು ವರ್ಷ!"

ಈ ಮಾತು ಅವನು ಕನಸಿನಲ್ಲೂ ಎಣಿಸಿದ್ದಲ್ಲ. ಕಳೆದದ್ದನ್ನು ಮುಚ್ಚಿಡಲು ಹೋಗಿ ಇಂಥದ್ದೊಂದನ್ನು ಅವಳ ಎದೆಗೆ ತುಂಬಿದ್ದನಲ್ಲ! "ಹೂಂ ಅನ್ನು, ಈಗಲೇ ಕಿತ್ತು ಕೊಡ್ತೀನಿ," ಎಂದ. "ಆ ಟೀಚರಮ್ಮನ ಕಾಲಿಗೆ ಬೇಕಾದ್ರೆ ಬೀಳ್ತೀನಿ."

ಅವಳು ಅಪ್ಪನ ಸಹಿಯ ಮೇಲೆ ಬೆರಳಾಡಿಸುತ್ತಿದ್ದಳು. ಪೆನ್ನು ಒತ್ತಿದ ಗೆರೆ ಇನ್ನೂ ಬೆರಳಿಗೆ ಸಿಗುತ್ತಿತ್ತು. ಆಮೇಲೆ ಮೆಲ್ಲಗೆ ಅದನ್ನು ತಿರುಗಿಸಿ, ನಗುವ ಗಂಡಸನ್ನು ನೋಡಿದಳು.

"ಇವರದ್ದು ಬೇರೆ ಫೋಟೋ ಇಲ್ವಂತಾ?"

"ಇಲ್ವಂತೆ."

"ಹಾಗಿದ್ರೆ ಮುಚ್ಚಿ."

"ಒಂದು ಜೆರಾಕ್ಸ್ ಆದ್ರೂ..."

"ಜೆರಾಕ್ಸ್ ಮುಟ್ಟಿದ್ರೆ ಜೆರಾಕ್ಸೇ ಸಿಗೋದು," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಆಸ್ಪತ್ರೆಗೆ ಹೊರಟಳು.

ಕಟ್ಟಣ್ಣನಿಗೆ ಮುಚ್ಚಲು ಮನಸ್ಸಾಗಲಿಲ್ಲ. ಅಟ್ಟದಿಂದ ಆ ಹಳೆಯ ತೇಗದ ಪಟ್ಟಿ ಇಳಿಸಿದ. ಮುಂದೆ ಗಾಜು, ಹಿಂದೆಯೂ ಗಾಜು ಕೂರಿಸಿದ, ರಟ್ಟು ಹಾಕಲಿಲ್ಲ. ಒಂದು ಕಡೆ ಯಜಮಾನರು, ಇನ್ನೊಂದು ಕಡೆ ಸರ್ಟಿಫಿಕೇಟು. ಸಂಜೆ ಹೆಡ್‌ಮಿಸ್ಟ್ರೆಸ್ ಬಂದಾಗ ಭುಜದ ಬಿರುಕನ್ನೂ ತೋರಿಸಿ, ನಡೆದದ್ದನ್ನೆಲ್ಲ ಒಪ್ಪಿಕೊಂಡ. ಶಾಲೆಯಲ್ಲಿ ಕೋಲು ಹಿಡಿದ ಹೆಂಗಸು, ಬೈಗುಳ ಗ್ಯಾರಂಟಿ ಎಂದುಕೊಂಡಿದ್ದ. ಅವರು ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಾಳೆ ಭಾನುವಾರ ಅಲ್ವಾ? ನಾಲ್ಕು ಗಂಟೆಗೆ ಹೆಂಡ್ತೀನ ಕರ್ಕೊಂಡು ಬಾ," ಎಂದರು.

ಮರುದಿನ ಗಂಡ ಹೆಂಡತಿ ಅವರ ಮನೆಗೆ ಹೋದರು. ಹೆಡ್‌ಮಿಸ್ಟ್ರೆಸ್ ಕಟ್ಟನ್ನು ಮೊಳೆಯಿಂದ ಇಳಿಸಿ, ತಿರುಗಿಸಿ ತೂಗುಹಾಕಿದರು. "ನಮ್ಮೆಜಮಾನ್ರು ಒಂದು ಗಂಟೆ ಗೋಡೆ ನೋಡ್ಲಿ, ಪರವಾಗಿಲ್ಲ. ಬದುಕಿದ್ದಾಗ ಪೇಪರ್ ಓದ್ತಾ ನನಗೆ ಬೆನ್ನು ತಿರುಗಿಸೇ ಕೂರ್ತಿದ್ರು," ಎಂದು ಕಾಫಿ ತರಲು ಒಳಗೆ ಹೋದರು.

ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಹೊಸ ಸೀರೆ ಉಟ್ಟು ಬಂದಿದ್ದಳು. ಕಾಫಿ ಬಂತು, ಕುಡಿಯುತ್ತಾ ನೋಡಿದಳು. ಕಟ್ಟಣ್ಣ ಎದ್ದು ಕಟ್ಟಿನ ಓರೆಯನ್ನು ಸರಿಮಾಡಿದ, ಬಂದು ಕೂತ, ಮತ್ತೆ ಎದ್ದು ಸರಿಮಾಡಿದ. ಐದು ಗಂಟೆಯಾಯಿತು. ಹೆಡ್‌ಮಿಸ್ಟ್ರೆಸ್‌ಗೂ ಗಂಡನ ಮುಖ ನೋಡಬೇಕೆನಿಸಿರಬೇಕು, ಕೈ ಚಾಚಿ ನಿಂತರು. "ತಿರುಗಿಸ್ಲೇನಮ್ಮಾ?"

"ಇನ್ನೊಂದೈದು ನಿಮಿಷ ಇರ್ಲಿ ಟೀಚರ್," ಎಂದಳು ಅವಳು. "ಆವತ್ತೂ ಅಪ್ಪ ಕೂರದೇ ಹೋಗ್ಬಿಟ್ರು."