ಅಜ್ಜಿಯ ಅಡುಗೆಮನೆಯ ಹೊಸ್ತಿಲು

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ನಮ್ಮ ಮನೆಯಲ್ಲಿ ಅಂದು ಬೆಳಿಗ್ಗೆ ಎಂದಿನಂತೆ ಕಸದ ಬಿನ್ ಹೊರಗಿಟ್ಟು ಬಂದು ಕಾಫಿ ಸೋಸುತ್ತಿದ್ದೆ. ಚೀನಾ ಪ್ರವಾಸದಲ್ಲಿದ್ದ ನಮ್ಮ ಯಜಮಾನರು ವಿಡಿಯೊ ಕಾಲ್ ಮಾಡಿದರು. ಪಿಂಗ್ಯಾವ್ ಎಂಬ ಹಳೆಯ ಊರಿನಲ್ಲಿ, ಹಿಂದೆ ಬ್ಯಾಂಕ್ ನಡೆಸುತ್ತಿದ್ದ ಕುಟುಂಬದ ಮನೆಯೊಂದರಲ್ಲಿದ್ದರು, ಈಗದು ಮ್ಯೂಸಿಯಂ. ನಮ್ಮ ಪಕ್ಕದ ಮನೆಯ ಲಿನ್ ಆಂಟಿ ಬೆಳೆದದ್ದು ಆ ಮನೆಯಲ್ಲೇ. ಮಂಡಿನೋವು, ಇನ್ನು ಅಷ್ಟು ದೂರ ಹೋಗಲಾರರು. ಓಡಿಹೋಗಿ ಕರೆತಂದೆ.

ಇವರು ಖಜಾನೆ ತೋರಿಸತೊಡಗಿದರು.

"ಅದೆಲ್ಲ ಬೇಡಪ್ಪಾ, ಹಿಂದುಗಡೆ ನಮ್ಮಜ್ಜಿಯ ಅಡುಗೆಮನೆ ಉಳಿದಿದೆಯಾ ನೋಡು," ಎಂದರು ಆಂಟಿ.

ಉಳಿದಿತ್ತು. ಎತ್ತರದ ಹೊಸ್ತಿಲನ್ನು ಇವರು ನಮ್ಮ ಕಡೆಯ ರೂಢಿಯಂತೆ ತುಳಿಯದೆ, ಬಲಗಾಲಿಟ್ಟು ದಾಟಿದರು. ಒಲೆಯ ಹಿಂದಿನ ಗೋಡೆಯಲ್ಲಿ ಇನ್ನೂ ಮಸಿಯಿತ್ತು. ಆಂಟಿ ಫೋನಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಕಾಫಿ ಆರಿಹೋಯಿತು.

ಸಂಜೆ ನಾನು ಆಂಟಿಯ ಖಾಲಿ ಬಿನ್ ಒಳಗಿಡುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು ಅಂದರು: "ನಿನ್ನ ಗಂಡ ಹೊಸ್ತಿಲು ತುಳಿಯಲಿಲ್ಲ, ನೋಡಿದೆ. ನಮ್ಮಲ್ಲೂ ತುಳಿಯಬಾರದು. ಅಜ್ಜಿ ಇದ್ದಿದ್ದರೆ ಊಟ ಹಾಕದೆ ಕಳಿಸ್ತಿರಲಿಲ್ಲ."